ಬೆಳಿಗ್ಗೆ ಓಡುವ ರೈಲು ಮಧ್ಯಾಹ್ನ ಯಾಕೆ ನಿಲ್ಲುತ್ತದೆ? ಡಿಸಿಸಿ ವೈರಿಂಗ್‌ನಲ್ಲಿ ದೋಷ ಹುಡುಕಿದ ಕತೆ

"ಟಿಕ್."

ನನ್ನ ಮಾದರಿ ರೈಲಿನ ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆಯ ಹೆಸರು ಬೂಸ್ಟರ್. ಅದರ ಒಳಗಿಂದ ಬರುವ ಸದ್ದು ಇಷ್ಟೇ. ಎಂಜಿನ್ನಿನ ದೀಪ ಆರುತ್ತದೆ, ಸ್ಟೇಷನ್ನಿನಲ್ಲಿ ನಿಂತ ಇನ್ನೊಂದು ಎಂಜಿನ್ನಿನ ದೀಪವೂ ಆರುತ್ತದೆ. ಎರಡು ಮೂರು ಸೆಕೆಂಡ್ ಬಿಟ್ಟು ಎಲ್ಲ ಮತ್ತೆ ಹೊತ್ತಿಕೊಳ್ಳುತ್ತದೆ, ರೈಲು ಒಂದು ಕೂದಲೆಳೆ ಮುಂದೆ ಹೋಗುತ್ತದೆ, ಮತ್ತೆ ಟಿಕ್. ಮಾರ್ಚ್ ತಿಂಗಳ ಮಧ್ಯಾಹ್ನ, ಅಡಿಕೆ ಒಣಗಿಸಲು ಟೆರೇಸಿನ ಮೇಲೆ ಹಾಕಿದ ಶೀಟಿನ ಮಾಡಿನ ಕೆಳಗೆ, ಬನಿಯನ್ ಒದ್ದೆ ಮಾಡಿಕೊಂಡು ನಾನು ಹತ್ತು ದಿನ ಈ ಸದ್ದು ಕೇಳಿದೆ. ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದರೆ ಅದೇ ರೈಲು ಅದೇ ಹಳಿಯ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಸುತ್ತುತ್ತಿತ್ತು.

ನಮ್ಮ ಮನೆ ಇರುವುದು ಬದಿಯಡ್ಕದ ಕಡೆ. ಅಲ್ಲಿಗೆ ನಿಜವಾದ ರೈಲು ಬರುವುದಿಲ್ಲ, ರೈಲು ನೋಡಬೇಕಾದರೆ ಕುಂಬಳೆಗೋ ಕಾಸರಗೋಡಿಗೋ ಇಳಿಯಬೇಕು. ಹಾಗಾಗಿ ಶೀಟಿನ ಮಾಡಿನ ಒಂದು ಮೂಲೆಗೆ ಪ್ಲೈವುಡ್ ಅಡ್ಡ ಕಟ್ಟಿ, 16 ಅಡಿ ಉದ್ದದ ಮೇಜಿನ ಮೇಲೆ ಸ್ವಂತ ರೈಲು ಹಾಕಿಕೊಂಡಿದ್ದೇನೆ. ಒಂದು ತುದಿಯಲ್ಲಿ ಕುಂಬಳೆಯನ್ನು ನೆನಪಿಸುವ ಮೂರು ಹಳಿಯ ಸ್ಟೇಷನ್. ಇನ್ನೊಂದು ತುದಿಯಲ್ಲಿ ರೈಲು ಒಂದು ಸುತ್ತು ಹಾಕಿ, ಬಂದ ದಾರಿಗೇ ತಿರುಗಿ ಹೋಗುವ ದೊಡ್ಡ ಲೂಪ್. ಅಳತೆ ಎಚ್‌ಓ, ಅಂದರೆ 1:87. ಹಳಿಗಳ ನಡುವೆ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಲೆಕ್ಕ ಹಾಕಿದರೆ 19 ಮಿ.ಮೀ. ದಾಟಬೇಕು. ಅಷ್ಟೆಲ್ಲ ನೋಡುತ್ತಾ ಕೂತರೆ ನಮ್ಮ ದೇಶದಲ್ಲಿ ಈ ಹವ್ಯಾಸವೇ ನಡೆಯುವುದಿಲ್ಲ, ಬಿಡಿ.

ಮಧ್ಯಾಹ್ನದ ಆ ದೋಷ ಸಿಕ್ಕಿದ್ದು ಹೇಗೆ ಅಂತ ಬರೆಯುವುದೇ ಇಲ್ಲಿ ನನ್ನ ಉದ್ದೇಶ. ಆದರೆ ಅದಕ್ಕೆ ಬರುವ ಮೊದಲು ನೋಡಬೇಕಾದ ಸಾದಾ ವಿಷಯಗಳಿವೆ. ನಾನು ಅವನ್ನು ಮೊದಲು ನೋಡದೆ ಕೆಟ್ಟವನು.

ಎರಡು ವೈರ್ ಸಾಕು ಅನ್ನುವ ಸುಳ್ಳು

ಡಿಸಿಸಿ ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್, ಹಳಿಯ ಮೂಲಕವೇ ಒಂದೊಂದು ಎಂಜಿನ್ನಿಗೂ ಬೇರೆ ಬೇರೆ ಆಜ್ಞೆ ಕಳಿಸುವ ಕ್ರಮ. ಇದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ನನ್ನಲ್ಲಿ ಸುಮಾರು 15 ವೋಲ್ಟ್. ಅದು ಬ್ಯಾಟರಿಯ ಹಾಗೆ ಒಂದೇ ದಿಕ್ಕಿನ ಕರೆಂಟ್ ಅಲ್ಲ, ಮನೆಯ ಕರೆಂಟಿನ ಹಾಗೆ ಅಲೆಯೂ ಅಲ್ಲ. ಪ್ಲಸ್ಸು ಮೈನಸ್ಸು ಕ್ಷಣ ಕ್ಷಣಕ್ಕೂ ಅದಲು ಬದಲಾಗುವ ಚೌಕದ ಅಲೆ. ಬೇಗ ಬದಲಾದರೆ ಒಂದು, ನಿಧಾನ ಬದಲಾದರೆ ಸೊನ್ನೆ. 'ಒಂದು' ಅನ್ನಲು ಅರ್ಧ ಅಲೆಗೆ 58 ಮೈಕ್ರೋಸೆಕೆಂಡ್, 'ಸೊನ್ನೆ'ಗೆ 100 ಅಥವಾ ಅದಕ್ಕಿಂತ ಜಾಸ್ತಿ. ಹೀಗೆ ಕರೆಂಟಿನಲ್ಲೇ ಆಜ್ಞೆಯೂ ಹೋಗುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲಿರುವ ಡೀಕೋಡರ್ ತನ್ನ ನಂಬರ್ ಕೇಳಿಸಿದಾಗ ಮಾತ್ರ ಮೋಟಾರ್ ತಿರುಗಿಸುತ್ತದೆ. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದಕ್ಕೆ ಒಂದೇ ನಿಯಮ ಮಾಡಿದ್ದರಿಂದ ಯಾವ ಕಂಪನಿಯ ಡೀಕೋಡರ್ ಆದರೂ ನಡೆಯುತ್ತದೆ.

ಪೆಟ್ಟಿಗೆಯ ಮೇಲೆ "ಎರಡೇ ವೈರ್ ಸಾಕು" ಅಂತ ಬರೆದಿರುತ್ತದೆ. ಊಟದ ಮೇಜಿನ ಮೇಲೆ ಒಂದು ಸುತ್ತು ಹಳಿ ಹಾಕಿದರೆ ಸಾಕು, ನಿಜ. 16 ಅಡಿಗೆ ಸಾಲುವುದಿಲ್ಲ. ಕರೆಂಟ್ ಹಳಿಯಿಂದ ಹಳಿಗೆ ಜಾಯಿನರ್ (ಎರಡು ಹಳಿ ಸೇರಿಸುವ ಲೋಹದ ತುಣುಕು) ದಾಟಿಕೊಂಡೇ ಹೋಗಬೇಕು, ಪ್ರತಿ ಜಾಯಿನರ್ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಸರಿಯಾದ ಕ್ರಮ ಅಂದರೆ ಮೇಜಿನ ಕೆಳಗೆ ದಪ್ಪದ ಎರಡು ವೈರ್ ಉದ್ದಕ್ಕೂ ಎಳೆಯುವುದು. ಇದು ಬಸ್. ಅದರಿಂದ ಪ್ರತಿ ತುಂಡು ಹಳಿಗೂ ತೆಳ್ಳಗಿನ ಗಿಡ್ಡ ವೈರ್ ಕೊಡಬೇಕು. ಅದು ಫೀಡರ್. ನಾನು ಬಸ್‌ಗೆ ಮನೆ ವೈರಿಂಗಿನಲ್ಲಿ ಉಳಿದಿದ್ದ 1.5 ಚದರ ಮಿ.ಮೀ. ಕೆಂಪು-ಕಪ್ಪು ವೈರ್ ಹಾಕಿದೆ. ಈ ಅಳತೆಗೆ ಧಾರಾಳ ಸಾಕು. ಆದರೆ ಒಂದು ಮಾತು. ಅದೇ ಬಣ್ಣದ ಅದೇ ವೈರ್ ಗೋಡೆಯಲ್ಲಿ 230 ವೋಲ್ಟ್ ಹೊತ್ತು ಓಡುತ್ತಿರುತ್ತದೆ. ಮೇಜಿನ ಕೆಳಗಿನ ವೈರಿಗೆ ಹತ್ತು ಅಡಿಗೊಮ್ಮೆ 'ರೈಲು' ಅಂತ ಬರೆದ ಪಟ್ಟಿ ಅಂಟಿಸಿ. ನಾಳೆ ಯಾರೋ ಬಂದು ಅದನ್ನು ಪ್ಲಗ್ಗಿಗೆ ಸೇರಿಸುವುದು ಬೇಡ.

ಟಿಕ್ ಅಂದರೆ ಒಂದು, ಮೌನ ಅಂದರೆ ಇನ್ನೊಂದು

ರೈಲು ನಿಂತಾಗ ಕೈ ಸ್ಕ್ರೂಡ್ರೈವರ್ ಕಡೆಗೆ ಹೋಗುತ್ತದೆ. ಬೇಡ. ಮೊದಲು ಕಿವಿ ಕೊಡಿ. ಬೂಸ್ಟರ್ ಟಿಕ್ ಅಂದು ಎಲ್ಲ ಎಂಜಿನ್ನೂ ಒಟ್ಟಿಗೆ ಸತ್ತರೆ ಎಲ್ಲೋ ಎರಡು ಹಳಿ ಒಂದಕ್ಕೊಂದು ತಾಗಿವೆ, ಅಂದರೆ ಶಾರ್ಟ್. ಬೂಸ್ಟರ್ ಸುಮ್ನೆ ಇದ್ದು ಒಂದೇ ರೈಲು ಮಾತ್ರ ನಿಂತರೆ ಎಲ್ಲೋ ತುಂಡಾಗಿದೆ, ಅಥವಾ ಕರೆಂಟ್ ದಾರಿಯಲ್ಲೇ ಇಳಿದು ಸಾಲುತ್ತಿಲ್ಲ. ಈ ಎರಡರ ಔಷಧ ಬೇರೆ ಬೇರೆ. ಗೊತ್ತಿಲ್ಲದೆ ಹಳಿ ಉಜ್ಜುತ್ತಾ ಕೂತರೆ ಶಾರ್ಟ್ ಹೋಗುವುದಿಲ್ಲ.

ಆಮೇಲಿನ ಪ್ರಶ್ನೆ: ಒಂದೇ ಎಂಜಿನ್ನಾ, ಎಲ್ಲವೂ ಹೀಗೇನಾ? ಒಂದೇ ಎಂಜಿನ್ನಿಗೆ ಮಾತ್ರ ಆದರೆ ಹಳಿಯನ್ನು ಮುಟ್ಟಬೇಡಿ. ಎಂಜಿನ್ ಬಿಚ್ಚಿ ನೋಡಿ. ಡೀಕೋಡರಿನ ಕೆಂಪು-ಕಪ್ಪು ವೈರ್ ಚಕ್ರದಿಂದ ಬರುತ್ತದೆ, ಕಿತ್ತಳೆ-ಬೂದು ಮೋಟಾರಿಗೆ ಹೋಗುತ್ತದೆ. ಮೋಟಾರಿನ ಬ್ರಷ್ ಎಂಜಿನ್ನಿನ ಲೋಹದ ಮೈಗೆ ತಾಗಬಾರದು. ಹಳೆಯ ಎಂಜಿನ್ನುಗಳಲ್ಲಿ ಕೆಲವೊಮ್ಮೆ ಅದು ತಾಗಿಕೊಂಡೇ ಇರುತ್ತದೆ, ಹಾಗೇ ಡೀಕೋಡರ್ ಕೂರಿಸಿದರೆ ಒಂದು ನಿಮಿಷದಲ್ಲಿ ಹೊಗೆ. ನನ್ನ ಮೊದಲ ಡೀಕೋಡರ್ ಹಾಗೇ ಹೋಯಿತು. ಆ ವಾಸನೆ ಇನ್ನೂ ನೆನಪಿದೆ.

ಮತ್ತೊಂದು ಪ್ರಶ್ನೆ: ಒಂದೇ ಜಾಗದಲ್ಲಾ? ಇದನ್ನು ಎಲ್ಲರೂ ಕೇಳುತ್ತಾರೆ. ಇದೇ ನನ್ನನ್ನು ಹತ್ತು ದಿನ ಹಾದಿ ತಪ್ಪಿಸಿದ್ದು ಕೂಡ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಎಷ್ಟು ಹೊತ್ತಿಗೆ?

ಬ್ರೇಕ್ ಲೈಟಿನ ಬಲ್ಬು, ಐದು ರೂಪಾಯಿ ನಾಣ್ಯ

ಮಲ್ಟಿಮೀಟರ್ ಹಿಡಿದು ಹಳಿಯ ಮೇಲೆ ವೋಲ್ಟ್ ನೋಡಿದರೆ ಎಲ್ಲ ಕಡೆ ಸರಿಯಾಗೇ ತೋರಿಸುತ್ತದೆ. ಯಾಕಂದರೆ ಮೀಟರ್ ಕರೆಂಟ್ ಕುಡಿಯುವುದೇ ಇಲ್ಲ. ಬಾಯಾರಿದವನು ಬಾಯಿ ಇಟ್ಟಾಗಲೇ ನಲ್ಲಿಯಲ್ಲಿ ನೀರು ಎಷ್ಟಿದೆ ಅಂತ ಗೊತ್ತಾಗುವುದು. ಅದಕ್ಕೆ ಗ್ಯಾರೇಜಿನಿಂದ ಕಾರಿನ ಬ್ರೇಕ್ ಲೈಟಿನ ಬಲ್ಬು ತನ್ನಿ, 12 ವೋಲ್ಟ್ 21 ವ್ಯಾಟಿನದು. ಎರಡು ವೈರ್ ಬೆಸೆದು ಹಳಿಯ ಮೇಲೆ ಇಡಿ, ಜೊತೆಗೆ ಮೀಟರನ್ನೂ ಇಡಿ. ಬಲ್ಬು ಒಂದೂವರೆ ಎರಡು ಆಂಪಿಯರ್ ಎಳೆಯುತ್ತದೆ. ಆಗ ಬಣ್ಣ ಬಯಲಾಗುತ್ತದೆ. ಸಾದಾ ಮೀಟರ್ 50 ಹರ್ಟ್ಸಿನ ಮನೆ ಕರೆಂಟಿಗೆ ಮಾಡಿದ್ದು, ಡಿಸಿಸಿಯ ಅಲೆ ಅದಕ್ಕಿಂತ ನೂರು ಪಟ್ಟಿಗೂ ಹೆಚ್ಚು ವೇಗ. ಹಾಗಾಗಿ ತೋರಿಸುವ ಅಂಕಿ ಕರಾರುವಾಕ್ಕಲ್ಲ. ಆದರೆ ಈ ಜಾಗಕ್ಕೂ ಆ ಜಾಗಕ್ಕೂ ಹೋಲಿಸಲು ಸಾಕು.

ಹೋದ ವರ್ಷ ಆಟಿಯ ಮಳೆಯಲ್ಲಿ ನನ್ನ ರೈಲು ಸ್ಟೇಷನ್ನಿನ ಮೂರನೇ ಹಳಿಯ ಕೊನೆಯಲ್ಲಿ ತೆವಳುತ್ತಿತ್ತು. ಟಿಕ್ ಇಲ್ಲ, ಮೌನ. ಬೂಸ್ಟರಿನ ಬಾಯಲ್ಲಿ 14.8 ವೋಲ್ಟ್. ಮೂರನೇ ಹಳಿಯ ತುದಿಯಲ್ಲಿ ಬಲ್ಬು ಇಟ್ಟರೆ ಸಾಯಂಕಾಲದ ಚಿಮಣಿ ದೀಪದ ಹಾಗೆ ಕೆಂಪಗೆ ಉರಿಯಿತು, ಮೀಟರಿನಲ್ಲಿ 9. ಜಾಯಿನರ್ ಒಂದೊಂದಾಗಿ ದಾಟಿಕೊಂಡು ಬಂದೆ. ಒಂದು ಜಾಯಿನರಿನ ಈಚೆ 9, ಆಚೆ 13. ತೆಗೆದು ನೋಡಿದರೆ ಒಳಗೆ ಹಸಿರು ಕಿಲುಬು. ದೇವರ ಮನೆಯ ತಾಮ್ರದ ತಂಬಿಗೆಗೆ ಮಳೆಗಾಲದಲ್ಲಿ ಹಿಡಿಯುತ್ತದಲ್ಲ, ಅದೇ. ನಮ್ಮ ಗಾಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನಕಾಯಿ ಭರಣಿಯ ಬಾಯಿಗೂ ಬೂಸರು ಬರುತ್ತದೆ, ಇನ್ನು ಜಾಯಿನರ್ ಯಾವ ಲೆಕ್ಕ?

ಆ ಹಳಿಗೆ ಫೀಡರ್ ಬೆಸೆದೆ. 9 ಇದ್ದದ್ದು 14 ಆಯಿತು.

ಇದು ರೈಲು ತೆವಳುವ ತಾಪತ್ರಯ ಮಾತ್ರ ಅಂದುಕೊಳ್ಳಬೇಡಿ. ಐದು ರೂಪಾಯಿ ನಾಣ್ಯದ ಪರೀಕ್ಷೆ ಮಾಡಿ ನೋಡಿ. ನಾಣ್ಯದ ಅಗಲ 23 ಮಿ.ಮೀ. ಅಥವಾ ಸ್ವಲ್ಪ ಜಾಸ್ತಿ, ಹಳಿಗಳ ನಡುವೆ 16.5. ಎರಡೂ ಹಳಿಗೆ ಸರಿಯಾಗಿ ಕೂರುತ್ತದೆ. ಎಲ್ಲಿ ಇಟ್ಟರೂ ಬೂಸ್ಟರ್ ತಕ್ಷಣ ಟಿಕ್ ಅನ್ನಬೇಕು. ಕೆಟ್ಟ ಜಾಯಿನರ್ ಇದ್ದಾಗ ಮೂರನೇ ಹಳಿಯ ತುದಿಯಲ್ಲಿ ನಾಣ್ಯ ಇಟ್ಟೆ. ಟಿಕ್ ಅನ್ನಲಿಲ್ಲ! ನನ್ನ ಬೂಸ್ಟರ್ 5 ಆಂಪಿಯರ್ ದಾಟಿದರೆ ಮಾತ್ರ ಕಟ್ ಆಗುವುದು. 15 ವೋಲ್ಟಿಗೆ 5 ಆಂಪಿಯರ್ ಹರಿಯಬೇಕಾದರೆ ದಾರಿಯ ತಡೆ 3 ಓಮ್‌ಗಿಂತ ಕಡಿಮೆ ಇರಬೇಕು. ಕಿಲುಬು ಹಿಡಿದ ಜಾಯಿನರ್ ಸೇರಿ ಅದು ನಾಲ್ಕರ ಹತ್ತಿರ ಹೋಗಿತ್ತು. ಅಂದರೆ ಶಾರ್ಟ್ ಆದರೂ 4 ಆಂಪಿಯರಿನಷ್ಟು ಹರಿಯುತ್ತಲೇ ಇರುತ್ತದೆ, ಬೂಸ್ಟರಿಗೆ ಅದು ದೊಡ್ಡ ರೈಲು ಓಡುತ್ತಿರುವ ಹಾಗೆ ಕಾಣುತ್ತದೆ. ಹೆಚ್ಚುಕಡಿಮೆ 60 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ ಎರಡು ಸೇರಿದರೆ ಎಷ್ಟು ಬಿಸಿಯೋ ಅಷ್ಟು, ಹಳಿಯ ಅಡಿಗಿರುವ ಪ್ಲಾಸ್ಟಿಕ್ ಸ್ಲೀಪರ್ ಮೇಲೆ. ನಾಣ್ಯವನ್ನು ಎರಡು ಸೆಕೆಂಡಿಗಿಂತ ಜಾಸ್ತಿ ಇಡಬೇಡಿ, ಬೆರಳಿನಿಂದ ಒತ್ತಿಯೂ ಹಿಡಿಯಬೇಡಿ. ಒಣ ಕಡ್ಡಿಯಿಂದ ಒತ್ತಿ.

ಶಾರ್ಟ್ ಹುಡುಕುವುದು: ಅರ್ಧ, ಅದರಲ್ಲಿ ಅರ್ಧ

ಯಾವಾಗಲೂ ಇರುವ ಶಾರ್ಟ್ ಆದರೆ ಸುಲಭ. ಬಸ್ಸನ್ನು ಮಧ್ಯದಲ್ಲಿ ಬಿಚ್ಚಿ, ಅಲ್ಲಿನ ಜಾಯಿನರ್ ಸರಿಸಿ ಹಳಿಯನ್ನೂ ಬೇರೆ ಮಾಡಿ. ಟಿಕ್ ನಿಂತರೆ ತಪ್ಪು ಆ ಕಡೆ, ನಿಲ್ಲದಿದ್ದರೆ ಈ ಕಡೆ. ತಪ್ಪಿರುವ ಕಡೆಯ ಅರ್ಧ ಫೀಡರ್ ಬಿಚ್ಚಿ. ಹೀಗೆ ಐದಾರು ಸಲ ಮಾಡಿದರೆ 40 ಫೀಡರ್ ಇದ್ದರೂ ತಪ್ಪಿದ್ದು ಕೈಗೆ ಸಿಗುತ್ತದೆ. ಇದಕ್ಕೇ ಬಸ್ಸನ್ನು ಬೆಸುಗೆ ಮಾಡದೆ ನಾಲ್ಕಾರು ಕಡೆ ಸ್ಕ್ರೂ ಇರುವ ಕನೆಕ್ಟರ್ ಪಟ್ಟಿ ಹಾಕುವುದು ಒಳ್ಳೆಯದು. ಬೆಸೆದವರು ಮೇಜಿನ ಕೆಳಗೆ ಅಂಗಾತ ಮಲಗಿ, ಬಿಸಿ ಸೀಸ ಮುಖಕ್ಕೆ ಬೀಳದ ಹಾಗೆ ಬೆಸುಗೆ ಬಿಚ್ಚಬೇಕಾಗುತ್ತದೆ.

ಸಿಗುವ ಕಾರಣಗಳು ಸಾಮಾನ್ಯವಾಗಿ ಇಷ್ಟೇ. ಕೆಂಪು ಫೀಡರ್ ಕಪ್ಪು ಬಸ್ಸಿಗೆ ಹೋಗಿರುತ್ತದೆ. ಹಳಿಯ ಮೇಲೆ ಮೊಳೆಯೋ ವೈರಿನ ಸಿಪ್ಪೆಯೋ ಬಿದ್ದಿರುತ್ತದೆ. ಪೀಕೋ ಕಂಪನಿಯ ಎಲೆಕ್ಟ್ರೋಫ್ರಾಗ್ ತರಹದ ಪಾಯಿಂಟ್ (ರೈಲಿನ ದಾರಿ ಬದಲಿಸುವ ಹಳಿ) ಆದರೆ ಫ್ರಾಗ್‌ನ, ಅಂದರೆ ಒಳ ಹಳಿಗಳು ಕೂಡುವ ಮೂತಿಯ, ಆಚೆಗಿನ ಒಳ ಹಳಿ ಎರಡಕ್ಕೂ ಪ್ಲಾಸ್ಟಿಕ್ ಜಾಯಿನರ್ ಹಾಕಲು ಮರೆತಿರುತ್ತೇವೆ. ಪಾಯಿಂಟ್ ಒಂದು ಕಡೆ ಇದ್ದಾಗ ಸರಿ, ತಿರುಗಿಸಿದ ಕೂಡಲೇ ಟಿಕ್ ಅಂದರೆ ಇದೇ ಅಂತ ತಿಳಿಯಿರಿ. ಇನ್ನು ಹಳೆಯ ಡಿಸಿ (ಒಂದೇ ದಿಕ್ಕಿನ ಸಾದಾ ಕರೆಂಟಿನ) ಸೆಟ್ಟಿನ ಜೊತೆ ಬಂದ ಕನೆಕ್ಷನ್ ಹಳಿಯ ಅಡಿಯಲ್ಲಿ ಚಿಕ್ಕದೊಂದು ಕೆಪಾಸಿಟರ್ ಅಡಗಿರಬಹುದು. ಅದು ಶಾರ್ಟ್ ಮಾಡುವುದಿಲ್ಲ, ಡಿಸಿಸಿಯ ಅಲೆಯನ್ನು ಹಾಳು ಮಾಡುತ್ತದೆ. ರೈಲು ಆಜ್ಞೆ ಕೇಳದೆ ಹುಚ್ಚುಚ್ಚಾಗಿ ನಡೆದುಕೊಂಡರೆ ಅದನ್ನು ಹುಡುಕಿ ಕತ್ತರಿಸಿ. ಹಾಗೇ, ಹಳೆಯ ಡಿಸಿ ಕಂಟ್ರೋಲರನ್ನು ಇದೇ ಹಳಿಗೆ ಎಂದಿಗೂ ಒಟ್ಟಿಗೆ ಕೊಡಬೇಡಿ.

ಇವೆಲ್ಲ ಯಾವಾಗಲೂ ಇರುವ ದೋಷಗಳು. ನನ್ನದು ಮಧ್ಯಾಹ್ನ ಮಾತ್ರ ಬಂದು ಹೋಗುವ ನೆಂಟ.

ಲೂಪ್

ಲೂಪಿನ ತೊಂದರೆ ಅರ್ಥ ಆಗಬೇಕಾದರೆ ಒಂದು ಹಗ್ಗ ತಗೊಳ್ಳಿ. ಒಂದು ತುದಿ ಕೆಂಪು, ಇನ್ನೊಂದು ಕಪ್ಪು ಅಲ್ಲ, ಜೋಡಿ ಹಗ್ಗ: ಎಡಗಡೆ ಕೆಂಪು, ಬಲಗಡೆ ಕಪ್ಪು. ಅದನ್ನು ಸುತ್ತಿಸಿ ಮೊದಲಿನ ಜಾಗಕ್ಕೇ ತಂದು ಸೇರಿಸಿ. ಕೆಂಪು ಹೋಗಿ ಕಪ್ಪಿಗೆ ತಾಗುತ್ತದೆ. ಅಂದರೆ ಶಾರ್ಟ್. ಅದಕ್ಕೆ ಲೂಪಿನ ಎರಡೂ ಬಾಯಿಯಲ್ಲಿ ಎರಡೆರಡು ಹಳಿ ಕತ್ತರಿಸಿ ಗ್ಯಾಪ್ ಬಿಡುತ್ತೇವೆ, ಒಟ್ಟು ನಾಲ್ಕು. ಒಳಗಿನ ಹಳಿಗೆ ಕರೆಂಟ್ ಕೊಡುವುದು ಆಟೋ ರಿವರ್ಸರ್ ಅನ್ನುವ ಚಿಕ್ಕ ಪೆಟ್ಟಿಗೆ. ರೈಲು ಒಳಗೆ ಬರುವಾಗ ಅದು ಒಂದು ಬಣ್ಣದ ಜೋಡಿ ಕೊಡುತ್ತದೆ. ಹೊರಗೆ ಹೋಗುವಾಗ ಚಕ್ರ ಗ್ಯಾಪನ್ನು ದಾಟಿದ ಕೂಡಲೇ ಕ್ಷಣಮಾತ್ರದ ಶಾರ್ಟ್ ಆಗುತ್ತದೆ. ಅದನ್ನು ಕಂಡು ರಿವರ್ಸರ್ ಬಣ್ಣ ಅದಲು ಬದಲು ಮಾಡುತ್ತದೆ, ಬೂಸ್ಟರಿಗೆ ಗೊತ್ತಾಗುವ ಮೊದಲೇ. ಎಂಜಿನ್ನಿಗೆ ಏನೂ ತಿಳಿಯುವುದಿಲ್ಲ. ಡಿಸಿಸಿಯಲ್ಲಿ ದಿಕ್ಕನ್ನು ಹೇಳುವುದು ಆಜ್ಞೆ, ಹಳಿಯ ಪ್ಲಸ್ಸು ಮೈನಸ್ಸು ಅಲ್ಲ.

ನನ್ನ ರೈಲು ಲೂಪಿಗೆ ಚೆನ್ನಾಗಿ ಹೋಗುತ್ತಿತ್ತು. ಸುತ್ತು ಹಾಕುತ್ತಿತ್ತು. ಹೊರಗೆ ಬರುವ ಗ್ಯಾಪಿಗೆ ಮುಂದಿನ ಚಕ್ರ ತಾಗಿದ ಕೂಡಲೇ ಟಿಕ್. ಎದುರು ದಿಕ್ಕಿನಲ್ಲಿ ಕಳಿಸಿದೆ. ಈಗ ಅದೇ ಗ್ಯಾಪಿನಲ್ಲಿ, ಆದರೆ ಒಳಗೆ ಹೋಗುವಾಗಲೇ ಟಿಕ್. ಎರಡು ದಿಕ್ಕಿನಲ್ಲೂ ಒಂದೇ ಗ್ಯಾಪ್. ಇನ್ನೇನು ಬೇಕು ಸಾಕ್ಷಿ, ಅಲ್ವಾ?

ಆ ಗ್ಯಾಪಿನ ಮೇಲೆ ನನ್ನ ಸಿಟ್ಟೆಲ್ಲ ತೀರಿಸಿದೆ. ಉಜ್ಜಿದೆ. ಗರಗಸದ ಬ್ಲೇಡ್ ಹಾಕಿ ಇನ್ನಷ್ಟು ಅಗಲ ಮಾಡಿದೆ. ಫೀಡರ್ ಬಿಚ್ಚಿ ಹೊಸದಾಗಿ ಬೆಸೆದೆ. ಬೇರೆ ಎಂಜಿನ್ ಇಟ್ಟು ನೋಡಿದೆ, ಅದೂ ಹಾಗೇ. ಶಾರ್ಟ್ ಆದಾಗ ಬೂಸ್ಟರ್ ಸುಸ್ತಾಗದಿರಲಿ ಅಂತ ಬ್ರೇಕ್ ಲೈಟಿನ ಬಲ್ಬನ್ನು ಲೂಪಿನ ವೈರಿಗೆ ಸರಣಿಯಲ್ಲಿ ಹಾಕಿದೆ. ಅದು ಇನ್ನೊಂದು ತಪ್ಪು. ಬೇರೆ ಹಳಿಗಳಿಗೆ ಈ ಉಪಾಯ ಚೆನ್ನ: ಶಾರ್ಟ್ ಆದರೆ ಬಲ್ಬು ಉರಿಯುತ್ತದೆ, ಉಳಿದ ರೈಲುಗಳು ಓಡುತ್ತಲೇ ಇರುತ್ತವೆ. ಆದರೆ ರಿವರ್ಸರ್ ಕೆಲಸ ಮಾಡುವುದೇ ಕರೆಂಟ್ ಒಮ್ಮೆಲೇ ಉಕ್ಕಿದ್ದನ್ನು ಕಂಡು. ಬಲ್ಬು ಆ ಉಕ್ಕನ್ನೇ ತಡೆದುಬಿಡುತ್ತದೆ. ಈಗ ಬೆಳಿಗ್ಗೆಯೂ ರೈಲು ಹೊರಗೆ ಬರಲಿಲ್ಲ! ಬಲ್ಬು ತೆಗೆದೆ. ರಿವರ್ಸರೇ ಕೆಟ್ಟಿದೆ ಅಂತ ತೀರ್ಮಾನ ಮಾಡಿ ಇನ್ನೊಂದು ತರಿಸಿದೆ. ಬರಲು ಒಂದು ವಾರ. ಕೂರಿಸಿದೆ. ಮಧ್ಯಾಹ್ನ ಎರಡು ಗಂಟೆ. ಟಿಕ್.

ತೋಟದ ಪಂಪ್ ರಿವೈಂಡಿಂಗ್ ಮಾಡುವ ನೆರೆಯವರೊಬ್ಬರು ಅಡಿಕೆ ನೋಡಲು ಮೇಲೆ ಬಂದವರು ಸ್ವಲ್ಪ ಹೊತ್ತು ಈ ಆಟ ನೋಡಿದರು. "ಬೆಳಿಗ್ಗೆ ಸರಿ ಉಂಟಾ?" ಅಂತ ಕೇಳಿದರು. ಉಂಟು ಅಂದೆ. "ಬಿಸಿಲು ಏರಿದ ಮೇಲೆ ಮಾತ್ರ ಅಲ್ವಾ? ಹಾಗಾದ್ರೆ ಎಲ್ಲಿಯೋ ಏನೋ ಹಿಗ್ಗುತ್ತಾ ಉಂಟು ಮಾರಾಯ್ರೆ." ಇಷ್ಟು ಹೇಳಿ ಅಡಿಕೆ ಕಡೆ ಹೋದರು.

ಆಗ ಮಾಡಿನ ಕಂಬಕ್ಕೆ ತೂಗಿದ್ದ ಥರ್ಮಾಮೀಟರ್ ನೋಡಿದೆ. 39. ಬೆಳಿಗ್ಗೆ 26 ಇತ್ತು.

ಲೆಕ್ಕ ಹಾಕಿದೆ. ನಮ್ಮ ಹಳಿ ನಿಕ್ಕಲ್ ಸಿಲ್ವರಿನದು. ಹೆಸರಲ್ಲಿ ಮಾತ್ರ ಬೆಳ್ಳಿ, ಒಳಗಿರುವುದು ತಾಮ್ರ, ನಿಕ್ಕಲ್, ಸತು. ಒಂದು ಮೀಟರ್ ಹಳಿ 10 ಡಿಗ್ರಿ ಬಿಸಿಯಾದರೆ ಸುಮಾರು 0.16 ಮಿ.ಮೀ. ಉದ್ದ ಆಗುತ್ತದೆ. ಲೂಪಿನ ಆ ಭಾಗದಲ್ಲಿ ನಾನು ಎರಡೂವರೆ ಮೀಟರ್ ಹಳಿಯನ್ನು ಜಾಯಿನರ್ ಸಮೇತ ಬೆಸೆದು ಒಂದೇ ತುಂಡು ಮಾಡಿದ್ದೆ. 13 ಡಿಗ್ರಿಗೆ ಅರ್ಧ ಮಿ.ಮೀ. ಅದರ ಮೇಲೆ ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿ ಮೇಜಿನ ಮರವೂ ಕುಗ್ಗುತ್ತದೆ. ಹಳಿ ಹಿಗ್ಗುವುದು, ಮರ ಕುಗ್ಗುವುದು, ಎರಡೂ ಸೇರಿ ಗ್ಯಾಪನ್ನು ಮುಚ್ಚುತ್ತವೆ. ನಾನು ಗ್ಯಾಪ್ ಕತ್ತರಿಸಿದ್ದು ಜುಲೈಯಲ್ಲಿ, ಮಳೆಗೆ ಮರ ಊದಿಕೊಂಡಿದ್ದಾಗ, ತೆಳು ಬ್ಲೇಡಿನಲ್ಲಿ. ಸೀಳು ಅರ್ಧ ಮಿ.ಮೀ. ಕೂಡ ಇರಲಿಲ್ಲ. ನಿಜವಾದ ರೈಲ್ವೆಯವರು ಹಿಂದೆ ಹಳಿ ಹಳಿಯ ನಡುವೆ ಬಿಸಿಲಿಗೆ ಜಾಗ ಬಿಡುತ್ತಿದ್ದರು. ಅದರಿಂದಲೇ ಆ ಟಕಟಕ ತಾಳ. ಚಿಕ್ಕಂದಿನಲ್ಲಿ ಮಂಗಳೂರಿಗೆ ಹೋಗುವಾಗ ಆ ತಾಳಕ್ಕೆ ನಿದ್ದೆ ಹೋದವನು ನಾನು. ಆದರೂ ನನ್ನ ಮೇಜಿನಲ್ಲಿ ಅದು ಹೊಳೆಯಲಿಲ್ಲ ನೋಡಿ.

ಆದರೆ ಹೊರ ಬರುವ ಗ್ಯಾಪನ್ನು ನಾನು ಆಗಲೇ ಅಗಲ ಮಾಡಿದ್ದೆನಲ್ಲ? ಅದು ಮುಚ್ಚಿಲ್ಲ, ಬೆಳಕು ಹಾಯುತ್ತಿತ್ತು. ಹಾಗಾದರೆ?

ನಾಲ್ಕು ಮುಟ್ಟು

ಬೂಸ್ಟರ್ ಆಫ್ ಮಾಡಿ ಅದರ ಎರಡೂ ವೈರ್ ತೆಗೆದೆ. ಎಂಜಿನ್, ದೀಪ ಇರುವ ಬೋಗಿ ಎಲ್ಲ ಎತ್ತಿಟ್ಟೆ. ರಿವರ್ಸರಿನಿಂದ ಲೂಪಿಗೆ ಹೋಗುವ ಎರಡು ವೈರನ್ನೂ ಬಿಚ್ಚಿದೆ. ಇದನ್ನು ಬಿಚ್ಚದಿದ್ದರೆ ಪೆಟ್ಟಿಗೆಯ ಒಳಗಿನಿಂದಲೇ ದಾರಿ ಸಿಕ್ಕಿ ಮೀಟರ್ ಸುಳ್ಳು ಬೀಪ್ ಕೊಡುತ್ತದೆ. ಈಗ ಲೂಪಿನ ಎರಡು ಹಳಿ, ಹೊರಗಿನ ಎರಡು ಹಳಿ. ಒಂದೊಂದಕ್ಕೆ ಒಂದೊಂದು, ನಾಲ್ಕು ಜೋಡಿ. ಮೀಟರಿನ ಎರಡು ಕಡ್ಡಿ ಮುಟ್ಟಿಸಿದಾಗ ನಡುವೆ ಕರೆಂಟಿಗೆ ದಾರಿ ಇದ್ದರೆ ಬೀಪ್, ಇಲ್ಲದಿದ್ದರೆ ಮೂಕ. ಗ್ಯಾಪ್ ಸರಿ ಇದ್ದರೆ ನಾಲ್ಕರಲ್ಲೂ ಮೀಟರ್ ಮೂಕ.

ಲೂಪಿನ ಹೊರ ಹಳಿ, ಹೊರಗಿನ ಕಪ್ಪು: ಮೂಕ. ಒಳ ಹಳಿ, ಕಪ್ಪು: ಮೂಕ. ಒಳ ಹಳಿ, ಕೆಂಪು: ಮೂಕ. ಹೊರ ಹಳಿ, ಕೆಂಪು: ಬೀಪ್.

ಈ ಬೀಪ್ ಕೇಳಿದಾಗಲೇ ಕಣ್ಣಿನಿಂದ ನೋಡದೆ ಜಾಗ ಗೊತ್ತಾಯಿತು. ಲೂಪಿನ ಹೊರ ಹಳಿ ಒಂದು ಬಾಯಿಯಲ್ಲಿ ಕೆಂಪಿನ ಎದುರು ನಿಂತಿದೆ, ಇನ್ನೊಂದು ಬಾಯಿಯಲ್ಲಿ ಕಪ್ಪಿನ ಎದುರು. ಕೆಂಪಿಗೆ ತಾಗಿದೆ ಅಂದರೆ ಮುಚ್ಚಿರುವುದು ಮೊದಲನೆಯ ಬಾಯಿ. ಎಲ್ಲಿ ರೈಲು ಎಂದೂ ನಿಂತೇ ಇಲ್ಲವೋ ಆ ಬಾಯಿ!

ಟಾರ್ಚ್ ಹಿಡಿದು, ಫೋನಿನ ಕ್ಯಾಮೆರಾ ಜೂಮ್ ಮಾಡಿ ನೋಡಿದೆ. ಹಳಿಯ ಎರಡು ತುದಿ ಒಂದಕ್ಕೊಂದು ಮೂತಿ ಒತ್ತಿಕೊಂಡಿದ್ದವು. ತಾಗಿದಲ್ಲಿ ಸೂಜಿಮೊನೆಯಷ್ಟು ಹೊಳಪು, ಅದರ ಸುತ್ತ ಕಪ್ಪು ಸುಟ್ಟ ಗುರುತು. ಮದುವೆ ಕಾಗದದ ಮೂಲೆ ಕತ್ತರಿಸಿ ತೂರಿಸಲು ನೋಡಿದೆ, ಹೋಗಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಕಾಗದ ಸಲೀಸಾಗಿ ಹೋಯಿತು. ಬೀಪ್ ಇಲ್ಲ. ನಂಬಿಕೆ ಬರಲಿಲ್ಲ, ಮಗಳ ಹೇರ್ ಡ್ರೈಯರ್ ತಂದು ಹಳಿಗೆ ದೂರದಿಂದ ಹದವಾಗಿ ಬಿಸಿ ಗಾಳಿ ಬಿಟ್ಟೆ. ಮೀಟರ್ ಮೊದಲು ತೊದಲಿತು, ಆಮೇಲೆ ಉದ್ದಕ್ಕೆ ಬೀಪ್. ಹತ್ತಿರ ಹಿಡಿದರೆ ಸ್ಲೀಪರ್ ಕರಗೀತು, ಜಾಗ್ರತೆ.

ಹಾಗಾದರೆ ರೈಲು ಇನ್ನೊಂದು ಗ್ಯಾಪಿನಲ್ಲಿ ಯಾಕೆ ಸಾಯುತ್ತಿತ್ತು? ಮೊದಲನೆಯ ಬಾಯಿ ಮುಚ್ಚಿದ್ದರಿಂದ ಲೂಪಿನ ಹೊರ ಹಳಿ ಕೆಂಪಿಗೇ ಅಂಟಿಕೊಂಡಿತ್ತು. ರಿವರ್ಸರ್ ಅದಕ್ಕೆ ಕೆಂಪೇ ಕೊಡುತ್ತಿರುವಷ್ಟು ಹೊತ್ತು ಯಾವ ಜಗಳವೂ ಇಲ್ಲ. ರೈಲು ಆ ಬಾಯಿಂದ ಹೋದರೂ ಬಂದರೂ ಏನೂ ಆಗದು. ಎರಡನೆಯ ಬಾಯಿಗೆ ಚಕ್ರ ತಾಗಿದಾಗ ರಿವರ್ಸರ್ ತನ್ನ ಕೆಲಸ ಮಾಡಿ ಹೊರ ಹಳಿಯನ್ನು ಕಪ್ಪು ಮಾಡುತ್ತದೆ. ಆ ಕ್ಷಣಕ್ಕೆ ಒಳಗಿಂದ ಕಪ್ಪು, ಮುಚ್ಚಿದ ಗ್ಯಾಪಿನಿಂದ ಕೆಂಪು. ಶಾರ್ಟ್. ರಿವರ್ಸರ್ ಹೆದರಿ ವಾಪಸ್ ತಿರುಗಿಸುತ್ತದೆ. ಈಗ ಚಕ್ರದ ಹತ್ತಿರ ಶಾರ್ಟ್. ಮತ್ತೆ ತಿರುಗಿಸುತ್ತದೆ. ಹೀಗೆ ಒದ್ದಾಡುತ್ತಿರುವಾಗ ಬೂಸ್ಟರಿನ ತಾಳ್ಮೆ ಮುಗಿದು ಟಿಕ್. ಎರಡು ರಿವರ್ಸರೂ ಸರಿಯಾಗೇ ಇದ್ದವು. ನಾನು ಉಜ್ಜಿ, ಕೊಯ್ದು, ಬೆಸೆದ ಗ್ಯಾಪ್ ಸಹ ಮೊದಲಿನಿಂದಲೂ ಸರಿಯಾಗೇ ಇತ್ತು.

ನಿಮ್ಮ ಲೂಪಿನಲ್ಲೂ ಎರಡೂ ದಿಕ್ಕಿನಿಂದ ಒಂದೇ ಬಾಯಿಯಲ್ಲಿ ಟ್ರಿಪ್ ಆದರೆ ಎದುರು ಬಾಯಿಯನ್ನು ಮೊದಲು ನೋಡಿ. ಇನ್ನೊಂದು ಕಾರಣ ಇರಬಹುದಾದದ್ದು, ರೈಲು ಲೂಪಿಗಿಂತ ಉದ್ದ ಇರುವುದು. ಲೋಹದ ಚಕ್ರದ ಬೋಗಿ ಹಿಂದಿನ ಗ್ಯಾಪನ್ನು ದಾಟುವ ಮೊದಲೇ ಎಂಜಿನ್ ಮುಂದಿನ ಗ್ಯಾಪ್ ಮುಟ್ಟಿದರೆ ಇದೇ ಪರಿಣಾಮ. ಆದರೆ ಅದು ಬೆಳಿಗ್ಗೆಯೂ ಆಗುತ್ತದೆ, ಮತ್ತು ಬೋಗಿ ಕಡಿಮೆ ಮಾಡಿದರೆ ಹೋಗುತ್ತದೆ. ಎಂಜಿನ್ ಒಂದನ್ನೇ ಓಡಿಸಿ ನೋಡಿದರೆ ಎರಡೇ ನಿಮಿಷದಲ್ಲಿ ತೀರ್ಮಾನ ಆಗುತ್ತದೆ.

ರಿಪೇರಿ

ಗ್ಯಾಪ್ ಅಗಲ ಮಾಡಿ ಹಾಗೇ ಬಿಟ್ಟರೆ ಸಾಲದು, ಮುಂದಿನ ಬೇಸಿಗೆಗೆ ಮತ್ತೆ ಮುಚ್ಚಬಹುದು. ನಡುವೆ ಏನಾದರೂ ಇಡಬೇಕು. ಹೊಸ ಸಿಮ್ ಕಾರ್ಡ್ ತಂದಾಗ ಸಿಮ್ ಮುರಿದುಕೊಂಡು ಬಿಸಾಡುವ ಪ್ಲಾಸ್ಟಿಕ್ ಚೌಕಟ್ಟು ಇರುತ್ತದಲ್ಲ, ಅದು ಮುಕ್ಕಾಲು ಮಿ.ಮೀ. ದಪ್ಪ. ಬೆಳಿಗ್ಗೆ ತಂಪಿನಲ್ಲಿ ಗ್ಯಾಪನ್ನು ಆ ದಪ್ಪಕ್ಕೆ ಕೊಯ್ದೆ. ಪ್ಲಾಸ್ಟಿಕ್ ಚೂರನ್ನು ಹಳಿಗಿಂತ ಎತ್ತರ ಬಿಟ್ಟು ತೂರಿಸಿ, ಎಪಾಕ್ಸಿ ಅಂಟು ಹಾಕಿದೆ. ಒಂದು ದಿನ ಬಿಟ್ಟು ಸಣ್ಣ ಅರದಿಂದ ಹಳಿಯ ಆಕಾರಕ್ಕೆ ಉಜ್ಜಿದೆ. ಮೇಲ್ಭಾಗ ಮಾತ್ರ ಅಲ್ಲ, ಒಳಬದಿಯನ್ನೂ ಉಜ್ಜಬೇಕು. ಇಲ್ಲದಿದ್ದರೆ ಚಕ್ರದ ಅಂಚು ಅದಕ್ಕೆ ಬಡಿದು ಬೋಗಿ ಹಾರುತ್ತದೆ. ನಾಲ್ಕೂ ಗ್ಯಾಪಿಗೆ ಹೀಗೇ ಮಾಡಿದೆ, ಒಂದು ಸಿಮ್ ಚೌಕಟ್ಟಿನಲ್ಲಿ ಇನ್ನೂ ಬೇಕಾದಷ್ಟು ಉಳಿಯಿತು.

ಆಮೇಲೆ ಎರಡೂವರೆ ಮೀಟರ್ ಒಂದೇ ತುಂಡಾಗಿದ್ದ ಹಳಿಯ ಎರಡು ಜಾಯಿನರಿನ ಬೆಸುಗೆ ಬಿಚ್ಚಿದೆ. ಹಿಗ್ಗುವ ಹಳಿಗೆ ಜಾಯಿನರಿನ ಒಳಗೆ ಜಾರಲು ಜಾಗ ಇರಲಿ. ಬಿಚ್ಚಿದ ಜಾಯಿನರ್ ಮಳೆಗಾಲದಲ್ಲಿ ಕಿಲುಬು ಹಿಡಿದರೂ ಚಿಂತೆ ಇಲ್ಲ, ಅದರ ಎರಡೂ ಕಡೆಯ ತುಂಡಿಗೆ ಬೇರೆ ಬೇರೆ ಫೀಡರ್ ಕೊಟ್ಟಿದ್ದೇನೆ. ಫೀಡರನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಟ್ಟಿದ್ದೇನೆ, ಹಳಿ ಜಾರಿದಾಗ ಬೆಸುಗೆ ಕೀಳಬಾರದು.

ಕೊನೆಯ ಪರೀಕ್ಷೆಯನ್ನು ಬೆಳಿಗ್ಗೆ ಮಾಡಲಿಲ್ಲ. ಮಧ್ಯಾಹ್ನ ಎರಡಾಗುವವರೆಗೆ ಕಾದೆ. ಥರ್ಮಾಮೀಟರ್ 40 ತೋರಿಸುತ್ತಿತ್ತು. ಮೊದಲು ವೈರ್ ಬಿಚ್ಚಿ ನಾಲ್ಕು ಮುಟ್ಟು: ನಾಲ್ಕೂ ಮೂಕ. ವೈರ್ ಕೊಟ್ಟು ಎಂಜಿನ್ ಒಂದನ್ನೇ ಎರಡು ದಿಕ್ಕಿನಲ್ಲೂ ಹತ್ತು ಹತ್ತು ಸುತ್ತು. ಆಮೇಲೆ ಆರು ಬೋಗಿ ಸೇರಿಸಿ ಮತ್ತೆ ಹತ್ತು ಸುತ್ತು. ಟಿಕ್ ಬರಲಿಲ್ಲ. ಬೆವರು ಮಾತ್ರ ಎಂದಿನಂತೆ. ಎರಡು ರಿವರ್ಸರಿನಲ್ಲಿ ಒಂದು ಈಗ ಪೆಟ್ಟಿಗೆಯಲ್ಲಿ ಉಳಿದಿದೆ. ಸ್ಟೇಷನ್ನಿನ ಆಚೆ ತುದಿಯಲ್ಲೂ ಒಂದು ಲೂಪ್ ಹಾಕೋಣವಾ ಅಂತ ಯೋಚಿಸುತ್ತಿದ್ದೇನೆ, ಅಡಿಕೆ ಚೀಲ ಇಡುವ ಜಾಗ ಬಿಟ್ಟುಕೊಡಲು ಮನೆಯವರು ಒಪ್ಪಿದರೆ.